ನೆತ್ತಿಗೆ ಹತ್ತಿದ ತುತ್ತು

ಉಣ್ಣುತ್ತಿರುವ ಮಗುವಿಗೆ ಥಟ್ಟನೆ ಕೆಮ್ಮು ಬಂದು, ಕಣ್ಣಲ್ಲಿ ನೀರಾಡಿ, ಮುಖವೆಲ್ಲ ಕೆಂಪೇರಿದಾಗ ಅದರ ನೆತ್ತಿಯನ್ನು ಮೆಲ್ಲಗೆ ತಟ್ಟಿ, ‘ನೆತ್ತಿಗೆ ಹತ್ತೈತಿ, ಯಾರೋ ನೆನಸಾಕತ್ತಾರ’ ಎಂದು ಹೇಳಿ, ಮತ್ತೊಂದು ತುತ್ತಿಗೆ ಕೈಹಾಕುವ ಅಜ್ಜಿಯರು ಯಲಬುರ್ಗಾ ಸೀಮೆಯ ಯಾವ ಊರಿನಲ್ಲಿ ಇಲ್ಲ? ದೃಢಕಾಯವಾದ ಮಗುವಿನ ವಿಷಯದಲ್ಲಿ ಈ ಮಾತು ನಿರಪಾಯವಾದುದು. ಕೆಮ್ಮು ತನ್ನ ಕೆಲಸವನ್ನು ತಾನು ಮಾಡಿ ಮುಗಿಸಿರುತ್ತದೆ, ಅಜ್ಜಿಯ ಮಾತು ಅದಕ್ಕೊಂದು ಒಗ್ಗರಣೆ ಮಾತ್ರ. ಆದರೆ ಮಿದುಳಿನ ಪಾರ್ಶ್ವವಾಯುವಿಗೆ ಈಡಾದ ಮಗುವಿರುವ ಮನೆಯಲ್ಲಿ ಇದೇ ಮಾತು ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹತ್ತು ಬಾರಿ ಕೇಳಿಬರತೊಡಗಿದರೆ, ಅಲ್ಲಿ ನೆನೆಯುತ್ತಿರುವವರು ಯಾರೂ ಇಲ್ಲವೆಂದೂ, ತುತ್ತು ಹತ್ತಿದುದು ನೆತ್ತಿಗಲ್ಲ, ಶ್ವಾಸನಾಳದ ಬಾಗಿಲಿಗೆ ಎಂದೂ ತಿಳಿಯಬೇಕಾಗುತ್ತದೆ.

ಮಿದುಳಿನ ಪಾರ್ಶ್ವವಾಯು, ಅಥವಾ ಆಸ್ಪತ್ರೆಯ ಚೀಟಿಗಳಲ್ಲಿ ಬರೆಯುವಂತೆ ಸೆರೆಬ್ರಲ್ ಪಾಲ್ಸಿ, ಎಂಬುದು ಗರ್ಭದಲ್ಲಿರುವಾಗಲೋ ಹೆರಿಗೆಯ ಗಳಿಗೆಯಲ್ಲೋ ಹುಟ್ಟಿದ ಮೇಲಿನ ಎಳವೆಯಲ್ಲೋ, ಇನ್ನೂ ಬೆಳೆಯುತ್ತಿರುವ ಮಿದುಳಿಗೆ ತಗಲಿದ ಪೆಟ್ಟಿನಿಂದ ಅಂಗಗಳ ಚಲನೆಯೂ ದೇಹದ ನಿಲುವೂ ಕೆಡುವ ಸ್ಥಿತಿ. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಜಾನ್ ಲಿಟಲ್ 1861ರಲ್ಲಿ ಕಷ್ಟದ ಹೆರಿಗೆ, ಅಕಾಲ ಜನನ, ಹುಟ್ಟಿದೊಡನೆ ಉಸಿರುಗಟ್ಟುವಿಕೆ ಇವುಗಳಿಗೂ ಮಕ್ಕಳ ಕೈಕಾಲುಗಳ ಬಿಗಿತಕ್ಕೂ ಸಂಬಂಧವುಂಟೆಂದು ವಿವರಿಸಿದ ಮೇಲೆ ಬಹುಕಾಲ ಇದನ್ನು ಲಿಟಲನ ರೋಗವೆಂದೇ ಕರೆಯುತ್ತಿದ್ದರು. ಎಳೆಗೂಸಿನ ಕಾಮಾಲೆಯನ್ನು ಸಕಾಲದಲ್ಲಿ ಗಮನಿಸದೆ ಅದು ಮಿದುಳಿಗೇರಿದರೂ ಇದೇ ಗತಿ. ಇದು ಅಂಟುವ ರೋಗವಲ್ಲ. ಗ್ರಹಣದ ದಿನ ಬಸುರಿಯು ಹೊರಗೆ ಬಂದುದರಿಂದ ಆದುದೂ ಅಲ್ಲ. ಮಿದುಳಿಗಾದ ಪೆಟ್ಟು ವರ್ಷದಿಂದ ವರ್ಷಕ್ಕೆ ಹಿಗ್ಗುವುದಿಲ್ಲ. ಹಿಗ್ಗುವುದು ಅದರ ಬೆನ್ನಹಿಂದೆ ಬರುವ ಕೃಶತೆ ಮತ್ತು ಮೇಲಿಂದ ಮೇಲೆ ಬರುವ ನ್ಯುಮೋನಿಯಾ. ಈ ಎರಡರ ಮೂಲವೂ ಅನೇಕ ವೇಳೆ ಊಟದ ಬಟ್ಟಲಿನ ಬಳಿಯೇ ಇರುತ್ತದೆ. ಕೈಕಾಲುಗಳಿಗೆ ತೈಲವೆರೆದು ನೀವುವುದಕ್ಕೆ ಊರೂರು ಅಲೆಯುವ ತಂದೆತಾಯಿಗಳು ಮಗು ಹೇಗೆ ನುಂಗುತ್ತಿದೆ ಎಂಬುದನ್ನು ಗಮನಿಸದೆ ಹೋಗುವುದು ನನ್ನ ಪಾಲಿಗೆ ಈ ವಿಷಯದ ಅತ್ಯಂತ ದುಃಖಕರವಾದ ಭಾಗ. ಕಾಲು ನಡೆಯದಿದ್ದರೆ ಎಲ್ಲರಿಗೂ ಕಾಣುತ್ತದೆ. ಗಂಟಲು ನಡೆಯದಿದ್ದರೆ ಕಾಣುವುದಿಲ್ಲ.

ಇಟಗಿಯ ಮಹಾದೇವ ದೇವಾಲಯದ ಬಾಗಿಲುವಾಡಗಳ ಮುಂದೆ ನಿಂತು, 1112ರಷ್ಟು ಹಿಂದೆ ಇಂತಹ ಕೌಶಲವಿದ್ದಿತೇ ಎಂದು ಬೆರಗಾಗುವ ನಾವು, ನಮ್ಮ ನಮ್ಮ ಕೊರಳಿನೊಳಗಿರುವ ಬಾಗಿಲಿನ ಬಗೆಗೆ ಯೋಚಿಸುವುದೇ ಇಲ್ಲ. ಬಾಯಿಂದ ಒಳಗಿಳಿದ ದಾರಿಯು ಗಂಟಲಿನಲ್ಲಿ ಕವಲೊಡೆದು, ಮುಂದಿನದು ಶ್ವಾಸಕೋಶಕ್ಕೂ ಹಿಂದಿನದು ಜಠರಕ್ಕೂ ಹೋಗುತ್ತದೆ; ಉಸಿರಾಡುವ ಕಾಲದಲ್ಲೆಲ್ಲ ಮುಂದಿನ ಬಾಗಿಲು ತೆರೆದೇ ಇರುತ್ತದೆ. ತುಟಿಗಳು ತುತ್ತನ್ನು ಒಳಗೆಳೆದು ಮುಚ್ಚಿಕೊಂಡು, ದವಡೆಯು ಅಗಿದು, ನಾಲಗೆಯು ಅತ್ತಿತ್ತ ಹೊರಳಿಸಿ ಎಂಜಲಿನೊಡನೆ ನಾದಿ ಉಂಡೆಗಟ್ಟಿ ಹಿಂದಕ್ಕೆ ನೂಕಿದೊಡನೆಯೇ, ಕಿರುನಾಲಗೆಯ ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ, ಧ್ವನಿಪೆಟ್ಟಿಗೆಯು ಮೇಲಕ್ಕೂ ಮುಂದಕ್ಕೂ ಸರಿದು ನಾಲಗೆಯ ಬುಡದಡಿಯಲ್ಲಿ ಅಡಗುತ್ತದೆ, ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಅವುಗಳ ಮೇಲೆ ಮುಚ್ಚಳವೊಂದು ಬಾಗುತ್ತದೆ, ಉಸಿರು ಕ್ಷಣಕಾಲ ನಿಲ್ಲುತ್ತದೆ, ಅನ್ನನಾಳದ ಬಾಯಿ ಸಡಿಲಿ ತುತ್ತು ಒಳಗಿಳಿಯುತ್ತದೆ. ಗಂಟಲಿನಲ್ಲಿ ನಡೆಯುವ ಇಷ್ಟೆಲ್ಲಕ್ಕೂ ಹಿಡಿಯುವ ಕಾಲ ಸುಮಾರು ಒಂದು ಸೆಕೆಂಡು. ಇಪ್ಪತ್ತೈದಕ್ಕೂ ಹೆಚ್ಚು ಜೊತೆ ಸ್ನಾಯುಗಳು ಮಿದುಳಿನಿಂದ ಹೊರಡುವ ಐದು ಜೊತೆ ನರಗಳ ಆಜ್ಞೆಗೆ ಅನುಸಾರವಾಗಿ, ಒಂದು ಮುಂದಾಗದೆ ಒಂದು ಹಿಂದಾಗದೆ ದುಡಿದರೆ ಮಾತ್ರ ನಾವು ನಿತ್ಯ ನೂರಾರು ಬಾರಿ ಯಾವ ಯೋಚನೆಯೂ ಇಲ್ಲದೆ ಗುಟುಕಿಸುವ ಎಂಜಲು ಸಹ ಕೆಳಗಿಳಿದೀತು.

ಮಿದುಳಿನ ಆಜ್ಞೆಯೇ ತಡವಾಗಿ ಬಂದರೆ ಅಥವಾ ತಪ್ಪಾಗಿ ಬಂದರೆ ಆಗುವುದೇನೆಂಬುದನ್ನು ಈಗ ಊಹಿಸಬಹುದು. ತುಟಿ ಕೂಡದ ಮಗುವಿನ ಬಾಯಿಂದ ಗಂಜಿ ಹೊರಗೆ ಸೋರುತ್ತದೆ. ನಾಲಗೆಯನ್ನು ಹಿಂದಕ್ಕೆ ಸೆಳೆಯುವುದಕ್ಕೆ ಬದಲಾಗಿ ಮುಂದಕ್ಕೆ ಚಾಚುವ ಮಗು ಕೊಟ್ಟ ತುತ್ತನ್ನೆಲ್ಲ ಹೊರದೂಡುವಂತೆ ತೋರುತ್ತದೆ. ‘ಉಣ್ಣವಲ್ಲದು, ಭಾಳ ಹಟ ಐತಿ’ ಎಂದು ಮನೆಯವರು ಬೇಸರಗೊಳ್ಳುತ್ತಾರೆ, ಆದರೆ ಅದು ಹಟವಲ್ಲ, ನಾಲಗೆಗೆ ಬೇರೆ ದಾರಿ ತಿಳಿಯದು. ಚಮಚ ಹಲ್ಲಿಗೆ ಸೋಕಿದೊಡನೆ ದವಡೆಯು ಕಚ್ಚಿ ಹಿಡಿದು ಬಿಡದಿರುವುದೂ ಇಂತಹುದೇ ಒಂದು ಪ್ರತಿವರ್ತನೆ, ಮಗುವಿನ ಇಚ್ಛೆಗೆ ಅಧೀನವಾದುದಲ್ಲ. ಜೊಲ್ಲು ಸುರಿಯುವುದು ಜೊಲ್ಲು ಹೆಚ್ಚಾಗಿ ಉತ್ಪತ್ತಿಯಾಗುವುದರಿಂದ ಎಂದು ಎಣಿಸುವವರುಂಟು. ಬಹುಪಾಲು ಮಕ್ಕಳಲ್ಲಿ ಅದು ಎಲ್ಲರಿಗಿರುವಷ್ಟೇ ಇರುತ್ತದೆ, ನುಂಗುವುದು ಮಾತ್ರ ಕಡಿಮೆ. ಮೈ ಬಿಗಿಯುವ ಮಕ್ಕಳಲ್ಲಿ ಕತ್ತು ಹಿಂದಕ್ಕೆ ಸೆಟೆದು ಶ್ವಾಸನಾಳದ ಬಾಗಿಲು ಹಾರುಹೊಡೆದಂತಾಗುತ್ತದೆ. ಮೈ ಹೊಯ್ದಾಡುವ ಮಕ್ಕಳಲ್ಲಿ ದವಡೆ ನಾಲಗೆಗಳು ಒಂದೇ ಸಮನೆ ಅಲುಗಾಡುವುದರಿಂದ ತುತ್ತು ನೆಲೆ ನಿಲ್ಲುವುದಿಲ್ಲ.

ತೊಂದರೆಯುಂಟೆಂದು ತಿಳಿಯುವುದು ಹೇಗೆ? ಕೆಮ್ಮು ಮೊದಲನೆಯ ಕುರುಹು. ಊಟವಾದ ಮೇಲೆ ಮಗುವಿನ ಧ್ವನಿ, ಗಂಟಲಲ್ಲಿ ನೀರು ನಿಂತಂತೆ, ಗೊರಗೊರ ಎನ್ನುವುದು ಎರಡನೆಯದು. ತುತ್ತನ್ನು ಕೆನ್ನೆಯಲ್ಲಿ ಬಹಳ ಹೊತ್ತು ಇಟ್ಟುಕೊಂಡು ಕೂಡುವುದು, ಮೂಗಿನಿಂದ ಹಾಲು ಬರುವುದು, ಉಣ್ಣುವಾಗ ಉಸಿರು ಏರುವುದು, ಕಣ್ಣಲ್ಲಿ ನೀರೂರುವುದು, ತುಟಿಯ ಬಣ್ಣ ಕಂದುವುದು, ಒಂದು ಊಟ ಅರ್ಧ ಗಂಟೆಯನ್ನು ಮೀರುವುದು, ತಿಂಗಳು ತಿಂಗಳಿಗೆ ತೂಕ ಏರದಿರುವುದು, ಕಾರಣವಿಲ್ಲದ ಜ್ವರ, ವರ್ಷದಲ್ಲಿ ಎರಡು ಮೂರು ಬಾರಿ ‘ಕಫ ಕಟ್ಟೈತಿ’ ಎಂದು ಆಸ್ಪತ್ರೆ ಸೇರುವುದು, ಇವುಗಳಲ್ಲಿ ಯಾವುದನ್ನೂ ಅಲಕ್ಷಿಸಲಾಗದು. ಇವೆಲ್ಲಕ್ಕಿಂತ ಭಯಂಕರವಾದುದು ಮಾತ್ರ ಯಾವ ಕುರುಹನ್ನೂ ತೋರದೆ ನಡೆಯುತ್ತದೆ. ಕೆಲವು ಮಕ್ಕಳಲ್ಲಿ ಗಂಟಲಿನ ಸಂವೇದನೆಯೇ ಕುಂದಿರುವುದರಿಂದ ನೀರೋ ಹಾಲೋ ಶ್ವಾಸನಾಳಕ್ಕೆ ಇಳಿದರೂ ಅವು ಕೆಮ್ಮುವುದಿಲ್ಲ. ಆದುದರಿಂದ ‘ನಮ್ಮ ಕೂಸು ಕೆಮ್ಮಂಗಿಲ್ಲ, ಛಲೋ ಕುಡಿತೈತಿ’ ಎಂಬ ಸಮಾಧಾನ, ಆ ಮಗುವಿಗೆ ಪದೇ ಪದೇ ಎದೆಯ ಸೋಂಕು ಬರುತ್ತಿದ್ದರೆ, ಸಮಾಧಾನವಾಗಿ ಉಳಿಯಬಾರದು. ಕೆಮ್ಮುವ ಮಗುವಿಗಿಂತ ಕೆಮ್ಮದ ಮಗುವಿನ ಊಟವನ್ನು ಒಮ್ಮೊಮ್ಮೆ ಹೆಚ್ಚು ಎಚ್ಚರದಿಂದ ನೋಡಬೇಕಾಗುತ್ತದೆ.

ಇನ್ನು ನಮ್ಮ ಮನೆಗಳ ರೂಢಿಯ ವಿಷಯ. ಕಾಲು ನೀಡಿ ಕುಳಿತು, ಮಗುವನ್ನು ಕಾಲುಗಳ ನಡುವೆ ಅಂಗಾತ ಮಲಗಿಸಿ, ಒಳಲೆಯ ಮೂತಿಯನ್ನು ಬಾಯಿಗಿಟ್ಟು ಹಾಲನ್ನೋ ಔಷಧವನ್ನೋ ಸುರಿಯುವ ಪದ್ಧತಿ ತಲೆಮಾರುಗಳಿಂದ ಬಂದದ್ದು. ಒಳಲೆಯ ಮೇಲೆ ನನಗೆ ದ್ವೇಷವಿಲ್ಲ, ಅದನ್ನು ಬಾಗಿಸಿ ಮೂತಿ ಎಳೆದ ಕಸಬುದಾರನ ಕೈಯನ್ನು ಮೆಚ್ಚುವವನೇ ನಾನು. ಆದರೆ ನುಂಗುವ ತೊಂದರೆಯಿರುವ ಮಗುವಿನ ಮಟ್ಟಿಗೆ ಅಂಗಾತ ಮಲಗಿಸಿ ಸುರಿಯುವುದಕ್ಕಿಂತ ಹಾನಿಕರವಾದ ಕ್ರಮ ಮತ್ತೊಂದಿಲ್ಲ. ಮಲಗಿದ ಮಗುವಿನ ಬಾಯಿಗೆ ಬಿದ್ದ ದ್ರವವು ನಾಲಗೆಯ ಹತೋಟಿಗೆ ಸಿಲುಕದೆ ತಾನಾಗಿಯೇ ಹಿಂದಕ್ಕೆ ಹರಿದು, ಬಾಗಿಲು ಮುಚ್ಚುವುದಕ್ಕೆ ಮೊದಲೇ ಬಾಗಿಲಲ್ಲಿ ನಿಂತಿರುತ್ತದೆ. ಬಾಯಿ ಬಿಡದ ಮಗುವಿನ ಮೂಗನ್ನು ಹಿಡಿದು, ಉಸಿರಿಗಾಗಿ ಬಾಯಿ ತೆರೆದಾಗ ಸುರಿಯುವುದು ಇದಕ್ಕಿಂತಲೂ ಕ್ರೂರವಾದುದು. ಮೂಗಿಗೆ ಎಣ್ಣೆ ಅಥವಾ ತುಪ್ಪ ಬಿಡುವುದನ್ನು ಪೂರ್ತಿಯಾಗಿ ನಿಲ್ಲಿಸತಕ್ಕದ್ದು; ಜಿಡ್ಡು ಶ್ವಾಸಕೋಶಕ್ಕಿಳಿದರೆ ಕೆಮ್ಮನ್ನು ಕೆರಳಿಸದೆ ಅಲ್ಲಿಯೇ ಕುಳಿತು ಬಹುಕಾಲ ವಾಸಿಯಾಗದ ಒಂದು ಬಗೆಯ ನ್ಯುಮೋನಿಯಾವನ್ನು ತರುತ್ತದೆ.

ಆದುದರಿಂದ ಮೊದಲು ಸರಿಯಾಗಬೇಕಾದುದು ಅಡಿಗೆಯಲ್ಲ, ಆಸನ. ಮಗುವು ನೆಟ್ಟಗೆ ಕುಳಿತಿರಬೇಕು. ಸೊಂಟವೂ ಮೊಣಕಾಲೂ ಲಂಬಕೋನದಲ್ಲಿ ಬಾಗಿ, ಪಾದಗಳು ಗಾಳಿಯಲ್ಲಿ ತೂಗಾಡದೆ ಯಾವುದಾದರೂ ಮಣೆಯ ಮೇಲೆ ಊರಿರಬೇಕು. ತಲೆಯು ಮೈಯ ನಡುಗೆರೆಯಲ್ಲಿದ್ದು ಗದ್ದವು ಎದೆಯ ಕಡೆಗೆ ಕೊಂಚ, ಕೊಂಚ ಮಾತ್ರ, ಬಾಗಿರಬೇಕು. ಸೊಂಟ ಬಾಗಿದರೆ ಬೆನ್ನಿನ ಸೆಟೆತ ತಗ್ಗುತ್ತದೆ, ಬೆನ್ನು ಸಡಿಲಿದರೆ ಕತ್ತು ಸಡಿಲುತ್ತದೆ, ಕತ್ತು ಸಡಿಲಿದರೆ ದವಡೆ; ಪಾದಕ್ಕೂ ಗಂಟಲಿಗೂ ಇಷ್ಟು ಹತ್ತಿರದ ನಂಟಿದೆಯೆಂದು ಯಾರು ತಾನೇ ಊಹಿಸಿಯಾರು? ಆಸ್ಪತ್ರೆಯ ವಿಶೇಷ ಕುರ್ಚಿ ದೊರೆತರೆ ಒಳ್ಳೆಯದೇ. ದೊರೆಯುವವರೆಗೆ ಎರಡು ಗೋಡೆ ಕೂಡುವ ಮೂಲೆಯಲ್ಲಿ ಮಗುವನ್ನು ಕುಳ್ಳಿರಿಸಿ, ಮನೆಯ ಹಳೆಯ ಕೌದಿಗಳನ್ನು ಸುರುಳಿ ಸುತ್ತಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ, ಚಿಕ್ಕದೊಂದನ್ನು ಮೊಣಕಾಲಿನ ಕೆಳಗೆ ಒತ್ತಿಟ್ಟರೆ ಸಾಕಷ್ಟು ಆಧಾರವಾಗುತ್ತದೆ. ತಾಯಿಯ ತೊಡೆಯೇ ಬೇಕೆನ್ನುವ ಸಣ್ಣ ಮಗುವಾದರೆ, ಅದನ್ನು ಅಡ್ಡಲಾಗಿ ಕುಳ್ಳಿರಿಸಿಕೊಂಡು ಅದರ ಕತ್ತಿನ ಹಿಂದೆ ತನ್ನ ಮೊಣಕೈಯ ಆಧಾರ ಕೊಡಬಹುದು. ಉಣಿಸುವವರು ನಿಂತುಕೊಂಡು ಮೇಲಿನಿಂದ ಚಮಚ ತಂದರೆ ಮಗು ತಲೆಯೆತ್ತಿ ನೋಡುತ್ತದೆ, ತಲೆಯೆತ್ತಿದರೆ ಕತ್ತು ಹಿಂದೆ ಸರಿಯುತ್ತದೆ; ಆದುದರಿಂದ ಎದುರಿಗೆ, ಮಗುವಿನ ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ ಕುಳಿತುಕೊಳ್ಳಬೇಕು. ಊಟ ಮುಗಿದ ಮೇಲೂ ಅರ್ಧ ಗಂಟೆ ಹೀಗೆಯೇ ಕುಳ್ಳಿರಿಸಿದರೆ ಉಂಡದ್ದು ಮೇಲೆ ಉಕ್ಕಿಬರುವ ಭಯ ಕಡಿಮೆ. ಈ ಮಕ್ಕಳಲ್ಲಿ ಅನೇಕರಿಗೆ ಜಠರದಿಂದ ಹುಳಿ ಮೇಲೇರುವ ಬಾಧೆ ಬೇರೆ ಇರುತ್ತದೆ.

ಚಮಚವು ಚಪ್ಪಟೆಯಾಗಿ, ಆಳವಿಲ್ಲದೆ, ಚಿಕ್ಕದಾಗಿರಲಿ. ಕಚ್ಚಿ ಹಿಡಿಯುವ ಮಗುವಿಗೆ ಸ್ಟೀಲಿನದು ಹಲ್ಲಿಗೆ ಪೆಟ್ಟು, ಐಸ್‌ಕ್ರೀಮಿನ ಜೊತೆ ಕೊಡುವ ತೆಳು ಪ್ಲಾಸ್ಟಿಕ್ಕಿನದು ಬಾಯಲ್ಲೇ ಮುರಿದೀತು. ಮೆತ್ತಗಿನ, ಮುರಿಯದ ಸಿಲಿಕೋನ್ ಚಮಚ ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ನೇರವಾಗಿ ಮುಂದಿನಿಂದ ತಂದು, ನಾಲಗೆಯ ನಡುವೆ ಲಘುವಾಗಿ ಒತ್ತಿ, ತುಟಿ ಮುಚ್ಚುವವರೆಗೆ ತಾಳಿ, ಹಾಗೆಯೇ ನೇರವಾಗಿ ಹೊರತೆಗೆಯಬೇಕು. ಮೇಲಿನ ಹಲ್ಲಿಗೆ ಒರೆಸಿ ತುತ್ತನ್ನು ಬೀಳಿಸುವ ಅವಸರದ ಅಭ್ಯಾಸ ತಲೆಯನ್ನು ಹಿಂದಕ್ಕೆ ತಳ್ಳುತ್ತದೆ. ಕಚ್ಚಿ ಹಿಡಿದರೆ ಎಳೆಯಬಾರದು, ಎಳೆದಷ್ಟೂ ಬಿಗಿಯುತ್ತದೆ. ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಸುಮ್ಮನೆ ಕಾದರೆ ತಾನೇ ಸಡಿಲುತ್ತದೆ. ದವಡೆ ನಿಲ್ಲದ ಮಗುವಿಗೆ ಉಣಿಸುವವರ ಕೈಯೇ ಆಸರೆ: ಮಗ್ಗುಲಲ್ಲಿ ಕುಳಿತು, ತಲೆಯ ಹಿಂದಿನಿಂದ ತೋಳನ್ನು ತಂದು, ಹೆಬ್ಬೆರಳನ್ನು ದವಡೆಯ ಕೀಲಿನ ಬಳಿ, ತೋರುಬೆರಳನ್ನು ಕೆಳತುಟಿಗೂ ಗದ್ದಕ್ಕೂ ನಡುವೆ, ನಡುಬೆರಳನ್ನು ಗದ್ದದ ಅಡಿಯಲ್ಲಿ ಇಟ್ಟು, ಬಲವಂತವಿಲ್ಲದೆ, ಮುಚ್ಚುವುದಕ್ಕೆ ನೆರವಾಗುವುದು. ಈ ಕ್ರಮವನ್ನು ಓದಿ ಕಲಿಯುವುದಕ್ಕಿಂತ ಬಲ್ಲವರ ಕೈ ನೋಡಿ ಒಮ್ಮೆ ಕಲಿಯುವುದು ಮೇಲು. ಒಂದು ತುತ್ತು ಇಳಿದು, ಬಾಯಿ ಬರಿದಾದುದನ್ನು ಕಂಡು, ಮತ್ತೊಮ್ಮೆ ಗುಟುಕಿಸಲು ಬಿಟ್ಟು, ಆಮೇಲೆ ಮುಂದಿನ ತುತ್ತು. ಟಿ.ವಿ. ಹಚ್ಚಿ ಮಗು ಮೈಮರೆತಾಗ ತುರುಕುವುದು ಬೇಡ. ನುಂಗುವುದೇ ಒಂದು ಶ್ರಮವಾಗಿರುವ ಮಗುವಿಗೆ ಆ ಶ್ರಮದ ಮೇಲೆ ಗಮನವಿರಬೇಕು. ನಗಿಸುವುದನ್ನೂ ತುತ್ತು ಇಳಿಯುವವರೆಗೆ ತಡೆಹಿಡಿಯಬೇಕು, ಕಷ್ಟವಾದರೂ.

ನೀರು ಕುಡಿಸುವುದಕ್ಕೆ ಲೋಟವನ್ನು ಎತ್ತಿದಾಗ ಅದರ ಅಂಚು ಮೂಗಿಗೆ ತಾಗಿ ಮಗು ತಲೆಯನ್ನು ಹಿಂದಕ್ಕೆ ಒಯ್ಯುತ್ತದೆ. ಮೆತ್ತಗಿನ ಪ್ಲಾಸ್ಟಿಕ್ ಲೋಟವೊಂದರ ಒಂದು ಕಡೆಯ ಅಂಚನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿ, ಅಂಚನ್ನು ನಯಮಾಡಿ, ಆ ಕೊರೆ ಮೂಗಿನ ಕಡೆಗೆ ಬರುವಂತೆ ಹಿಡಿದರೆ, ತಲೆಯನ್ನು ಅಲುಗಿಸದೆಯೇ ಗುಟುಕು ಗುಟುಕಾಗಿ ಕುಡಿಸಬಹುದು. ಒಳಗಿನ ನೀರಿನ ಮಟ್ಟವೂ ಉಣಿಸುವವರಿಗೆ ಕಾಣುತ್ತದೆ.

ಅಡಿಗೆಯ ವಿಷಯಕ್ಕೆ ಬಂದರೆ, ನೀರೇ ಅತ್ಯಂತ ಸುಲಭವಾಗಿ ನುಂಗಬಹುದಾದ ವಸ್ತುವೆಂಬ ನಮ್ಮ ನಂಬಿಕೆ ತಲೆಕೆಳಗಾಗಬೇಕಾಗುತ್ತದೆ. ತೆಳುವಾದುದು ಬೇಗ ಹರಿಯುತ್ತದೆ. ಬಾಗಿಲು ಮುಚ್ಚುವುದು ತಡವಾಗುವ ಗಂಟಲಿಗೆ ಬೇಗ ಹರಿಯುವುದೇ ಶತ್ರು. ಹಾಗೆಂದು ಗಟ್ಟಿಯಾದಷ್ಟೂ ಒಳ್ಳೆಯದೆಂದಲ್ಲ: ನಾಲಗೆಯಲ್ಲಿ ಬಲವಿಲ್ಲದ ಮಗುವಿನ ಗಂಟಲಿನಲ್ಲಿ ಮುದ್ದೆಯಾದುದು ಅಂಟಿ ಉಳಿದು, ಊಟ ಮುಗಿದ ಮೇಲೆ ನಿಧಾನವಾಗಿ ಜಾರುತ್ತದೆ. ಎಷ್ಟು ಗಟ್ಟಿ ಬೇಕೆಂಬುದನ್ನು ಪರೀಕ್ಷಿಸಿ ಹೇಳಬೇಕಾದವರು ವಾಕ್ ಚಿಕಿತ್ಸಕರು. ಅವರು ಹೇಳಿದ ಹದವನ್ನು ದಿನವೂ ಒಂದೇ ಸಮನಾಗಿ ಕಾಪಾಡುವುದು ಮನೆಯವರ ಪಾಲಿನ ಕೆಲಸ. ಜಗತ್ತಿನ ಹಲವು ದೇಶಗಳ ತಜ್ಞರು ಸೇರಿ ಆಹಾರ ಪಾನೀಯಗಳ ಹದವನ್ನು ಸೊನ್ನೆಯಿಂದ ಏಳರವರೆಗೆ ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ಅದರಲ್ಲಿನ ಒಂದು ಪರೀಕ್ಷೆಯನ್ನು ಯಾವ ಅಡಿಗೆಮನೆಯಲ್ಲಾದರೂ ಮಾಡಬಹುದು. ಸೂಜಿಯಿಲ್ಲದ 10 ಮಿಲಿಲೀಟರ್ ಸಿರಿಂಜಿನ ದಂಟನ್ನು ಹೊರತೆಗೆದು (ಸೊನ್ನೆಯಿಂದ ಹತ್ತರ ಗೆರೆಯವರೆಗಿನ ಉದ್ದ 61.5 ಮಿಲಿಮೀಟರ್ ಇರುವ ಸಿರಿಂಜೇ ಆಗಬೇಕು), ತುದಿಯನ್ನು ಬೆರಳಿನಿಂದ ಮುಚ್ಚಿ, ಹತ್ತರ ಗೆರೆಯವರೆಗೆ ಗಂಜಿಯನ್ನು ತುಂಬಿ, ಬೆರಳನ್ನು ತೆಗೆದು 10 ಸೆಕೆಂಡಿಗೆ ಮತ್ತೆ ಮುಚ್ಚಬೇಕು. ಒಳಗೆ 1 ಮಿಲಿಲೀಟರಿಗಿಂತ ಕಡಿಮೆ ಉಳಿದರೆ ಅದು ನೀರಿನಷ್ಟೇ ತೆಳು. 1ರಿಂದ 4 ಉಳಿದರೆ ತುಸು ಮಂದ. 4ರಿಂದ 8 ಉಳಿದರೆ ಇನ್ನಷ್ಟು ಮಂದ. 8ಕ್ಕಿಂತ ಹೆಚ್ಚು ಉಳಿದು ಸ್ವಲ್ಪವಾದರೂ ಇಳಿದರೆ ಮತ್ತೂ ಒಂದು ಮೆಟ್ಟಿಲು ಮೇಲೆ. ‘ಮಜ್ಜಿಗೆಯ ಹಾಗೆ’, ‘ಮೊಸರಿನ ಹಾಗೆ’ ಎಂಬ ಮಾತುಗಳು ಮನೆಯಿಂದ ಮನೆಗೆ ಬದಲಾಗುತ್ತವೆ; ಸಿರಿಂಜಿನ ಗೆರೆ ಬದಲಾಗುವುದಿಲ್ಲ.

ಗಂಜಿಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಹಿಟ್ಟಿನಿಂದ ಮಂದವಾದ ಗಂಜಿಯನ್ನು ಎಂಜಲಿನಲ್ಲಿರುವ ಕಿಣ್ವವು ಕರಗಿಸಿ ತೆಳುಮಾಡುತ್ತದೆ. ಮಗುವಿನ ಬಾಯಿಗೆ ಹೋಗಿಬಂದ ಚಮಚವನ್ನೇ ಬಟ್ಟಲಿಗೆ ಅದ್ದುತ್ತ ಅರ್ಧ ಗಂಟೆ ಉಣಿಸಿದರೆ, ಮೊದಲ ತುತ್ತಿನ ಹದ ಕೊನೆಯ ತುತ್ತಿಗೆ ಇರುವುದಿಲ್ಲ. ಬಟ್ಟಲಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿಕೊಳ್ಳುವುದು ಇದಕ್ಕೆ ಉಪಾಯ. ಮೊಳಕೆ ಕಟ್ಟಿಸಿದ ರಾಗಿ ಅಥವಾ ಜೋಳದ ಹಿಟ್ಟಿಗೂ ಗಂಜಿಯನ್ನು ತೆಳುಮಾಡುವ ಗುಣವಿದೆ. ಪುಷ್ಟಿಕರವೆಂದು ಅದನ್ನು ಬೆರೆಸುವಾಗ ಹದ ನೋಡಿಕೊಳ್ಳಬೇಕು. ಬಿಸಿಯಿರುವಾಗ ತೆಳುವಾಗಿದ್ದುದು ಆರಿದ ಮೇಲೆ ಗಟ್ಟಿಯಾಗುವುದನ್ನಂತೂ ಎಲ್ಲ ಗೃಹಿಣಿಯರೂ ಬಲ್ಲರು.

ನಮ್ಮ ಕಡೆಯ ನಿತ್ಯದ ಊಟವನ್ನೇ ತೆಗೆದುಕೊಳ್ಳೋಣ. ನುಚ್ಚು ಮಜ್ಜಿಗೆ ಈ ಬಿಸಿಲ ನಾಡಿನ ಅಮೃತವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಂತಹ ಮಗುವಿಗೆ ಅದು ಅತಿ ಕಠಿನವಾದ ಆಹಾರಗಳಲ್ಲಿ ಒಂದು, ಏಕೆಂದರೆ ಅದರಲ್ಲಿ ತೆಳು ಮಜ್ಜಿಗೆಯೂ ಬಿಡಿ ಬಿಡಿಯಾದ ಕಾಳಿನ ಚೂರುಗಳೂ ಒಂದೇ ತುತ್ತಿನಲ್ಲಿರುತ್ತವೆ. ನಾಲಗೆಯು ಚೂರುಗಳನ್ನು ಕೂಡಿಸುವಷ್ಟರಲ್ಲಿ ಮಜ್ಜಿಗೆ ಮುಂದೆ ಹರಿದುಹೋಗಿರುತ್ತದೆ. ಅನ್ನಕ್ಕೆ ತಿಳಿಸಾರು, ಚಹದಲ್ಲಿ ಅದ್ದಿದ ಬಿಸ್ಕೀಟು ಇವೂ ಇದೇ ಜಾತಿ. ನುಚ್ಚನ್ನು ಇನ್ನಷ್ಟು ಬೇಯಿಸಿ, ಗಟ್ಟಿ ಮೊಸರಿನೊಡನೆ ನುಣ್ಣಗೆ ಕಿವುಚಿ, ಅಗತ್ಯವಿದ್ದರೆ ಜರಡಿಯಲ್ಲಿ ಒತ್ತಿ ತೆಗೆದು, ಒಂದೇ ಹದಕ್ಕೆ ತಂದರೆ ಅದೇ ನುಚ್ಚು ನಿರಪಾಯವಾದ ಊಟವಾದೀತು. ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿ ಗಂಟಿಲ್ಲದಂತೆ ಕಿವುಚಿಯೋ, ಹೆಸರುಬೇಳೆಯ ಕಿಚಡಿಯನ್ನು ತುಪ್ಪದೊಡನೆ ಮಸೆದೋ, ಬಾಳೆಹಣ್ಣನ್ನು ಹಿಸುಕಿಯೋ ಕೊಡಬಹುದು. ಚೂರುಗಳನ್ನು ನುಂಗಬಲ್ಲ ಮಗುವಿಗೂ, ಮೆತ್ತಗಿನ ತೇವದ ಆಹಾರದಲ್ಲಿ ಚೂರಿನ ಅಗಲ 2 ಮಿಲಿಮೀಟರನ್ನೂ, ಅಗಿಯಬಲ್ಲ ಮಗುವಿಗೆ 8 ಮಿಲಿಮೀಟರನ್ನೂ ಮೀರಬಾರದೆಂದು ಮೇಲೆ ಹೇಳಿದ ವಿಂಗಡಣೆ ಸೂಚಿಸುತ್ತದೆ.

ಶೇಂಗಾ ಬೆಳೆಯುವ ನಾಡಿನಲ್ಲಿ ಹೇಳಲೇಬೇಕಾದ ಮಾತೊಂದಿದೆ: ಇಡಿಯ ಶೇಂಗಾಕಾಳು, ಪುಠಾಣಿ, ಮಂಡಾಳು ಈ ಮಗುವಿನ ಕೈಗೆ ಎಟುಕುವಲ್ಲಿಯೂ ಇರಕೂಡದು. ಒಣಪುಡಿಗಳೂ ಹಾಗೆಯೇ, ಉಸಿರಿನೊಡನೆ ಒಳಗೆಳೆದುಕೊಂಡರೆ ಕೆಮ್ಮಿ ಹೊರಹಾಕುವ ಬಲ ಅದಕ್ಕಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಿಂದ ಬಂದ ಮಾದಲಿಯನ್ನು, ‘ಪರಸಾದ ಐತಿ, ಒಂದ್ ಚೂರು ಬಾಯಿಗೆ ಹಾಕವ್ವಾ’ ಎಂದು ಭಕ್ತಿಯಿಂದ ಕೊಡುವ ಅತ್ತೆಯ ಮಾತನ್ನು ಸೊಸೆಯಾದವಳು ಮೀರುವುದು ಹೇಗೆ? ಮೀರಬೇಕಾಗಿಲ್ಲ; ಹಾಲು ತುಪ್ಪ ಹಾಕಿ ನುಣ್ಣನೆಯ ಹದಕ್ಕೆ ನಾದಿ ಚಮಚದ ತುದಿಯಲ್ಲಿ ಇಟ್ಟರೆ ಪ್ರಸಾದವೂ ಸಂದಿತು, ಮಗುವೂ ಉಳಿಯಿತು.

ಸ್ವಲ್ಪವೇ ಉಣ್ಣುವ ಮಗುವಿನ ತುತ್ತು ತುತ್ತಿನಲ್ಲಿಯೂ ಸತ್ತ್ವವಿರಬೇಕು. ಹಿಟ್ಟು ಬೆಲ್ಲಗಳ ಒಂದು ಗ್ರಾಂ ಸುಮಾರು 4 ಕಿಲೋಕ್ಯಾಲರಿ ಕೊಡುವಲ್ಲಿ ಜಿಡ್ಡಿನ ಒಂದು ಗ್ರಾಂ 9 ಕೊಡುತ್ತದೆ. ಗಂಜಿಗೆ ನೀರು ಹೆಚ್ಚಿಸುವುದರ ಬದಲು ಒಂದು ಚಮಚ ತುಪ್ಪವನ್ನೋ ಶೇಂಗಾ ಎಣ್ಣೆಯನ್ನೋ ಬೆರೆಸುವುದು ಅದಕ್ಕಾಗಿಯೇ. ಹುರಿದ ಶೇಂಗಾ ಬೀಜವನ್ನು ಬೆಣ್ಣೆಯಷ್ಟು ನುಣ್ಣಗೆ ಅರೆದು ಗಂಜಿಯಲ್ಲಿ ಪೂರ್ತಿ ಕರಗಿಸಿ ಕೊಡಬಹುದು, ಉಂಡೆಯಾಗಿ ಅಂಟುವಂತೆ ಅಲ್ಲ. ಮೂರು ದೊಡ್ಡ ಊಟಕ್ಕಿಂತ ಐದಾರು ಸಣ್ಣ ಊಟ ಲೇಸು. ನೀರಿಗೆ ಹೆದರಿ ನೀರನ್ನೇ ನಿಲ್ಲಿಸಿದರೆ ಈ ಬಿಸಿಲಿನಲ್ಲಿ ಮಲಬದ್ಧತೆ ಉಂಟಾಗಿ, ಹೊಟ್ಟೆಯುಬ್ಬಿ, ಹಸಿವೇ ಅಡಗುತ್ತದೆ. ಹದವಾಗಿ ಮಂದಮಾಡಿದ ನೀರನ್ನಾದರೂ ಲೆಕ್ಕವಿಟ್ಟು ಕೊಡಬೇಕು. ತಿಂಗಳಿಗೊಮ್ಮೆ ಅಂಗನವಾಡಿಯ ತಕ್ಕಡಿಯಲ್ಲಿ ತೂಗಿಸಿ ಬರೆದಿಟ್ಟುಕೊಂಡ ಅಂಕಿಗಳು, ನೆರೆಯವರ ‘ಸೊರಗೈತಿ, ಸೊರಗಿಲ್ಲ’ ಎಂಬ ತೀರ್ಪಿಗಿಂತ ನೂರು ಪಾಲು ಉಪಯುಕ್ತ.

ಬಾಯಿಯ ಶುಚಿತ್ವವನ್ನು ಯಾರೂ ಊಟದ ವಿಷಯವೆಂದು ಎಣಿಸುವುದಿಲ್ಲ. ಎಂಜಲೂ ಶ್ವಾಸನಾಳಕ್ಕೆ ಜಾರುತ್ತದಷ್ಟೆ. ಕೊಳೆತ ಹಲ್ಲುಗಳ ನಡುವಿನ ಎಂಜಲು ಜಾರಿದರೆ ಅದರೊಡನೆ ರೋಗಾಣುಗಳೂ ಜಾರುತ್ತವೆ. ಹಲ್ಲುಜ್ಜುವುದು ಸಾಧ್ಯವಾಗದಿದ್ದರೆ ಒದ್ದೆ ಬಟ್ಟೆಯಿಂದ ಎರಡು ಹೊತ್ತು ಒರೆಸಬೇಕು. ಫಿಟ್ಸ್ ಬಂದು ಹೋದ ಮಂಪರಿನಲ್ಲಿಯೂ, ಅರೆನಿದ್ದೆಯಲ್ಲಿಯೂ ಏನನ್ನೂ ಬಾಯಿಗೆ ಹಾಕಬಾರದು. ಫಿಟ್ಸಿಗಾಗಿಯೋ ಬಿಗಿತಕ್ಕಾಗಿಯೋ ಕೊಡುವ ಔಷಧಿಗಳಲ್ಲಿ ಕ್ಲೋನಜೆಪಾಮಿನಂತಹವು ಜೊಲ್ಲನ್ನೂ ತೂಕಡಿಕೆಯನ್ನೂ ಹೆಚ್ಚಿಸುವುದುಂಟು. ಹಾಗೆಂದು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳತಕ್ಕದ್ದು.

ಎಚ್ಚರವಿದ್ದೂ ಒಮ್ಮೆ ಗಂಟಲಲ್ಲಿ ಸಿಕ್ಕಿಕೊಂಡರೆ? ಮಗು ಜೋರಾಗಿ ಕೆಮ್ಮುತ್ತಿರುವವರೆಗೆ ಮುಂದಕ್ಕೆ ಬಾಗಿಸಿ ಕೆಮ್ಮಲು ಬಿಡಬೇಕು. ನೀರು ಕುಡಿಸಬಾರದು, ಕಾಣದ ವಸ್ತುವಿಗಾಗಿ ಬೆರಳು ಹಾಕಿ ತಡಕಬಾರದು. ದನಿ ಅಡಗಿ ಉಸಿರು ನಿಂತಂತಾದರೆ, ಒಂದು ವರ್ಷ ಮೀರಿದ ಮಗುವಿಗೆ ಬೆನ್ನಿನ ಮೇಲೆ, ಹೆಗಲೆಲುಬುಗಳ ನಡುವೆ, ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ಬಡಿಯಬೇಕು. ಹೊರಬಾರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತಬೇಕು. ಎರಡನ್ನೂ ಸರದಿಯಾಗಿ ಮುಂದುವರಿಸಬೇಕು. ವರ್ಷದೊಳಗಿನ ಕೂಸಿಗೆ ಹೊಟ್ಟೆಯನ್ನು ಒತ್ತಕೂಡದು. ತಲೆ ಕೆಳಗಾಗುವಂತೆ ಮುಂಗೈಯ ಮೇಲೆ ಬೋರಲು ಹಿಡಿದು ಬೆನ್ನಿಗೆ ಐದು ಪೆಟ್ಟು, ಅನಂತರ ಅಂಗಾತ ಮಾಡಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಒತ್ತು. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಕರೆ ಮಾಡಬೇಕು. ಊಟದ ಗಲಾಟೆ ಅಡಗಿ ಒಂದೆರಡು ದಿನದಲ್ಲಿ ಜ್ವರ ಬಂದು, ಶಾಂತವಾಗಿರುವಾಗಲೂ ನಿಮಿಷಕ್ಕೆ ಉಸಿರು, ಎರಡು ತಿಂಗಳಿಂದ ವರ್ಷದೊಳಗಿನ ಕೂಸಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40, ಇದನ್ನು ಮುಟ್ಟಿದರೆ ಅಥವಾ ಮೀರಿದರೆ, ಪಕ್ಕೆ ಒಳಸೇದಿದರೆ, ಅದನ್ನು ನೆಗಡಿಯೆಂದು ತಳ್ಳಿಹಾಕದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟೆಲ್ಲ ಮಾಡಿಯೂ ಕೆಲವು ಮಕ್ಕಳಿಗೆ ಬಾಯಿಂದ ಉಣಿಸುವುದು ಕ್ಷೇಮವಾಗುವುದಿಲ್ಲ. ಆಗ ಕೆಲವು ವಾರಗಳ ಮಟ್ಟಿಗೆ ಮೂಗಿನ ನಳಿಕೆ, ದೀರ್ಘಕಾಲಕ್ಕಾದರೆ ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ಜಠರಕ್ಕೇ ಕೂಡಿಸುವ ನಳಿಕೆ. ‘ಬಾಯಿ ಇದ್ದೂ ಹೊಟ್ಟಿಗೆ ತೂತು ಹಾಕತಾರಂತ’ ಎಂದು ಕಣ್ಣೀರಿಡುವ ತಾಯಂದಿರ ನೋವನ್ನು ಹಗುರವಾಗಿ ಕಾಣುವವನಲ್ಲ ನಾನು. ಉಣಿಸುವುದು ತಾಯ್ತನದ ಮೊದಲ ಮಾತು, ಅದನ್ನು ನಳಿಕೆಗೆ ಒಪ್ಪಿಸುವುದು ಸುಲಭವಲ್ಲ. ಆದರೆ ದಿನಕ್ಕೆ ನಾಲ್ಕೈದು ಗಂಟೆ ಅಳುತ್ತ ಕೆಮ್ಮುತ್ತ ಉಂಡೂ ಸೊರಗುವ ಮಗುವಿಗೆ ನಳಿಕೆಯು ಸೋಲಿನ ಗುರುತಲ್ಲ. ಹೊಟ್ಟೆ ತುಂಬಿದ ಮೇಲೆ, ಬಲ್ಲವರು ಒಪ್ಪಿದರೆ, ನಾಲಗೆಗೆ ರುಚಿ ಸೋಕಿಸುವ ಸುಖವೂ ಉಳಿಯುತ್ತದೆ.

ಯಾರ ಬಳಿ ಹೋಗಬೇಕು? ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಶಾಲೆಗಳಲ್ಲಿ ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಿಂದ ನಡೆಯುತ್ತಿದ್ದು, ಅದರ ತಂಡವು ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಬೇಕೆಂಬುದು ಕ್ರಮ. ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿಯ ಅಕ್ಕನನ್ನೋ ಕೇಳಿದರೆ ತಂಡ ಬರುವ ದಿನ ತಿಳಿಯುತ್ತದೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂಗವಿಕಲತೆಯ ಗುರುತಿನ ಚೀಟಿಗೆ ನೆರವಾಗುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೆಸರಿಸುವ 21 ಬಗೆಗಳಲ್ಲಿ ಮಿದುಳಿನ ಪಾರ್ಶ್ವವಾಯುವೂ ಒಂದು. 1999ರ ಕಾಯಿದೆಯಿಂದ ಸ್ಥಾಪಿತವಾದ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಗೆ ಹೆಸರು ನೋಂದಾಯಿಸಿದರೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ವೆಚ್ಚಕ್ಕೆ ಆಧಾರವುಂಟು. ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದರಿಂದ ಮಕ್ಕಳ ವೈದ್ಯರಿಗಾಗಿ ಹುಬ್ಬಳ್ಳಿಗೇ ಓಡಬೇಕೆಂಬ ಕಾಲ ಕಳೆಯಿತು. ನುಂಗುವಿಕೆಯ ವಿಶೇಷ ಪರೀಕ್ಷೆಗೆ, ಅಂದರೆ ಬೇರಿಯಂ ಬೆರೆಸಿದ ತುತ್ತು ಯಾವ ದಾರಿಯಲ್ಲಿ ಇಳಿಯುತ್ತದೆಂಬುದನ್ನು ಚಲಿಸುವ ಎಕ್ಸ್‌ರೇ ಚಿತ್ರದಲ್ಲಿ ಕಾಣುವುದಕ್ಕೆ, ದೊಡ್ಡ ಊರುಗಳೇ ಗತಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗಳಿಗೆಂದೇ ಒಂದು ವಿಭಾಗವಿದೆ. ಬೆಂಗಳೂರಿನ ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಹಲವು ದಶಕಗಳಿಂದ ಇಂತಹ ಮಕ್ಕಳಿಗಾಗಿ ದುಡಿಯುತ್ತಿದೆ. ಕೊಪ್ಪಳದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಗಿಗೆ ಬೆಂಗಳೂರು, ಅಲ್ಲಿಂದ ಮುಂದೆ ಅದೇ ಗಾಡಿಯಲ್ಲಿ ಮೈಸೂರು.

ಅಷ್ಟು ದೂರ ಹೋಗುವವರು ಹಳೆಯ ಚೀಟಿಗಳನ್ನೂ ತೂಕ ಬರೆದಿಟ್ಟ ವಹಿಯನ್ನೂ ಮರೆಯದೆ ಒಯ್ಯುತ್ತಾರೆ. ಹೊಸ ಅಂಗಿ ತೊಡಿಸಿ, ಹೊಸ ಲೋಟವನ್ನೂ ಕೊಂಡು ಒಯ್ಯುತ್ತಾರೆ. ಅದರ ಬದಲು ಮಗು ನಿತ್ಯ ಉಣ್ಣುವ ಅದೇ ಬಟ್ಟಲು, ಕಚ್ಚಿ ಕಚ್ಚಿ ಗುರುತಾದ ಅದೇ ಚಮಚ, ಮನೆಯಲ್ಲಿ ಕಿವುಚಿದ ಅದೇ ನುಚ್ಚು ಒಂದು ಡಬ್ಬಿಯಲ್ಲಿ ಚೀಲ ಸೇರಲಿ, ಪಯಣ ದೂರವಾದುದರಿಂದ ಕೆಡದಂತೆ ಕಿವುಚದೆ ಒಯ್ದು ಅಲ್ಲಿಯೇ ಮೊಸರು ಕೂಡಿಸಿದರೂ ಸರಿ. ಹೊರಡುವ ಮುನ್ನ ಒಂದು ಹೊತ್ತಿನ ಊಟವನ್ನು ಮೊದಲ ತುತ್ತಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಲಿ, ಅಜ್ಜಿ ನೆತ್ತಿ ತಟ್ಟುವುದು ಅದರಲ್ಲಿ ಬಂದರೆ ಬರಲಿ. ಅಪರಿಚಿತ ಕೋಣೆಯಲ್ಲಿ ಹೆದರಿ ಬಾಯಿ ಬಿಗಿಹಿಡಿದ ಮಗುವಿನಿಂದ ತಿಳಿಯದುದು ಪರೀಕ್ಷಿಸುವವರಿಗೆ ಆ ಚಿತ್ರದಲ್ಲಿ ತಿಳಿದೀತು.